ರೇಡಿಯೇಷನ್ ಶುರುವಾದ ಮೇಲೆ ವಿಪರೀತ ತುರಿಕೆ, ಏನು ಮಾಡೋದು?

ಮಳೆಹನಿ: ಅಮ್ಮನಿಗೆ ಎದೆಯ ಭಾಗಕ್ಕೆ ರೇಡಿಯೇಷನ್ (ಕ್ಯಾನ್ಸರ್‌ಗೆ ಕೊಡೋ ವಿಕಿರಣ ಚಿಕಿತ್ಸೆ) ನಡೀತಿದೆ, ಇದು 3ನೇ ವಾರ. ಚರ್ಮ ಕೆಂಪಾಗಿದೆ, ಬಟ್ಟೆ ತಾಗಿದರೂ ಉರಿ, ರಾತ್ರಿ ತುರಿಕೆ ತಡೆಯಲಾಗದೆ ಎದ್ದು ಕೂರುತ್ತಾರೆ. ಐಸ್ ಇಡಬಹುದಾ?

ಹಳೇಪೇಷೆಂಟ್: ಐಸ್ ಬೇಡವೇ ಬೇಡ, ಬಿಸಿ ಶಾಖವೂ ಬೇಡ. ನನಗೂ ಹೀಗೇ ಆಗಿತ್ತು. ಉಗುರುಬೆಚ್ಚಗಿನ ನೀರು, ವಾಸನೆ ಇಲ್ಲದ ಸೋಪು ಸಾಕು, ಆಮೇಲೆ ಟವೆಲಿನಿಂದ ಉಜ್ಜದೆ ಮೆತ್ತಗೆ ಒತ್ತಿ ನೀರು ತೆಗೆಯಿರಿ. ಸುಗಂಧ ಇಲ್ಲದ ಮಾಯಿಶ್ಚರೈಸರ್ ಹಚ್ಚಿ, ಆದರೆ ಯಾವುದು ಅಂತ ರೇಡಿಯೇಷನ್ ನರ್ಸ್ ಹತ್ತಿರ ಕೇಳಿಕೊಳ್ಳಿ. ಸಡಿಲವಾದ ಹತ್ತಿ ಬಟ್ಟೆ ಹಾಕಿಸಿ. ಉಗುರು ಚಿಕ್ಕದಾಗಿ ಕತ್ತರಿಸಿಬಿಡಿ, ಏಕೆಂದರೆ ನಿದ್ದೆಯಲ್ಲಿ ಕೆರೆದುಕೊಳ್ಳೋದು ನಮ್ಮ ಕೈಯಲ್ಲಿ ಇರಲ್ಲ!

ನೀಲಿಛತ್ರಿ: ತುರಿಕೆಗೆ ಸ್ಟಿರಾಯ್ಡ್ ಕ್ರೀಮ್ ಬರೆದುಕೊಡುತ್ತಾರೆ, ಡಾಕ್ಟರನ್ನೇ ಕೇಳಿ, ಸುಮ್ನೆ ಮನೆಯಲ್ಲಿದ್ದ ಟ್ಯೂಬ್ ಹಚ್ಚಬೇಡಿ. ಇನ್ನೊಂದು ಮಾತು, ಚಿಕಿತ್ಸೆ ಮುಗಿದ ಮೇಲೂ 1-2 ವಾರ ಉರಿ ಜಾಸ್ತಿಯಾಗಬಹುದು, ಗಾಬರಿ ಬೇಡ. ಆದರೆ ಚರ್ಮ ಒಡೆದು ನೀರು ಸೋರಿದರೆ, ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವತ್ತೇ ಫೋನ್ ಮಾಡಿ.

ತಂಗಾಳಿ: ನನ್ನ ಅಣ್ಣನದು ಬೇರೆ ಕಥೆ. ರೇಡಿಯೇಷನ್‌ನಿಂದಲ್ಲ, ಸಿಟುಕ್ಸಿಮ್ಯಾಬ್ ಅನ್ನೋ ಕ್ಯಾನ್ಸರ್ ಔಷಧಿಯಿಂದ ಮುಖದ ತುಂಬ ಮೊಡವೆಯಂಥ ಗುಳ್ಳೆಗಳು ಎದ್ದವು. ನೋಡೋಕೆ ಮೊಡವೆ, ಆದರೆ ಮೊಡವೆ ಅಲ್ಲ, ಮೊಡವೆ ಕ್ರೀಮ್ ಹಚ್ಚಿ ಚರ್ಮ ಇನ್ನೂ ಒಣಗಿಸಿಕೊಂಡ. ಕೊನೆಗೆ ಡಾಕ್ಟರ್ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರು.

ಮಳೆಹನಿ: ಐಸ್ ಫ್ರೀಜರ್‌ಗೆ ವಾಪಸ್ ಹೋಯಿತು. ನಾಳೆ ನರ್ಸ್ ಹತ್ತಿರ ಕ್ರೀಮ್ ಬಗ್ಗೆ ಕೇಳ್ತೀನಿ.