ನೆಲದ ಮೇಲೆ ಜೋರು, ಮೇಲಕ್ಕೇರಿದರೆ 46 ಎಂಜಿನ್ ಆಫ್! ಸಹಾಯ ಬೇಕು

ಡೆಡ್‌ಸ್ಟಿಕ್: ತಲೆ ಕೆಟ್ಟು ಹೋಗಿದೆ. ಮಾಡೆಲ್ ವಿಮಾನದ ಎಂಜಿನ್, 46 ಸೈಜಿನ (0.46 ಘನ ಇಂಚು) ಟೂ ಸ್ಟ್ರೋಕ್. ನೆಲದ ಮೇಲೆ ಫುಲ್ ಥ್ರಾಟಲ್ ಕೊಟ್ಟರೆ ಕಿರುಚುತ್ತದೆ, ಟೇಕಾಫ್ ಕೂಡ ಚೆನ್ನಾಗಿಯೇ ಆಗುತ್ತದೆ. ಸ್ವಲ್ಪ ಹೊತ್ತು ಹಾರಿದ ಮೇಲೆ ಸದ್ದು ತೆಳ್ಳಗಾಗಿ ಸುಯ್ ಅಂತ ಏರಿ, ಪಟ್ ಅಂತ ನಿಲ್ಲುತ್ತದೆ. ಫ್ಯೂಯಲ್ ಹೆಚ್ಚು ಕಡಿಮೆ ಮಾಡುವ ನೀಡಲ್ ತಿರುಗಿಸಿ ತಿರುಗಿಸಿ ಸಾಕಾಯಿತು.

ಪ್ಲಗ್‌ಪ್ರಿಯ: ಫ್ಯೂಯಲ್ ಹೊತ್ತಿಸುವ ಗ್ಲೋ ಪ್ಲಗ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಅದರ ಕಾಯಿಲ್‌ನ ಪ್ಲಾಟಿನಮ್ ಮಂಕಾದರೆ ಫ್ಯೂಯಲ್‌ನ ಮೆಥನಾಲ್ ಜೊತೆ ಅದು ಕೆಲಸ ಮಾಡುವುದಿಲ್ಲ, ಕೆಂಡ ಆರಿಹೋಗುತ್ತದೆ. ಓ.ಎಸ್. ಕಂಪನಿಯ 8 ನಂಬರ್ ಪ್ಲಗ್ ಹಾಕಿ.

ಡೆಡ್‌ಸ್ಟಿಕ್: ಹೊಸ ಪ್ಲಗ್ ಸರ್. 8 ನಂಬರೇ.

ಪ್ಲಗ್‌ಪ್ರಿಯ: ಹೊಸದರಲ್ಲೂ ಕೆಟ್ಟದ್ದು ಇರುತ್ತದೆ. ಇನ್ನೊಂದು ಹಾಕಿ ನೋಡಿ.

ರೆಕ್ಕೆಪುಕ್ಕ: ಯಾವ ಪ್ರಾಪ್ (ಪ್ರೊಪೆಲ್ಲರ್), ಫ್ಯೂಯಲ್‌ನಲ್ಲಿ ನೈಟ್ರೋಮೀಥೇನ್ ಅಂದರೆ ನೈಟ್ರೋ ಎಷ್ಟು, ಟ್ಯಾಂಕ್ ಎಲ್ಲಿ ಕೂತಿದೆ, ಇದೇನೂ ಹೇಳದೆ ಪ್ಲಗ್ ಪ್ಲಗ್ ಅಂದರೆ ಹೇಗೆ? ಹಾರುವಾಗ ಪ್ರಾಪ್ ಮೇಲಿನ ಹೊರೆ ಇಳಿದು ಆರ್‌ಪಿಎಂ ಏರುತ್ತದೆ. ನೆಲದಲ್ಲೇ ಪೀಕ್‌ಗೆ (ಗರಿಷ್ಠ ಆರ್‌ಪಿಎಂಗೆ) ಇಟ್ಟಿದ್ದರೆ ಮೇಲೆ ಲೀನ್ ಆಗುತ್ತದೆ, ಅಂದರೆ ಫ್ಯೂಯಲ್ ಸಾಲುವುದಿಲ್ಲ. ಪೀಕ್‌ನಿಂದ 200-300 ಆರ್‌ಪಿಎಂ ಇಳಿಯುವಷ್ಟು ನೀಡಲ್ ತಿರುಗಿಸಿ ತೆರೆಯಿರಿ. ಆಮೇಲೆ ಮೂಗು ನೇರ ಮೇಲಕ್ಕೆತ್ತಿ ಹಿಡಿಯಿರಿ. ಸದ್ದು ಚೂರು ಏರಬೇಕು, ಕುಸಿಯಬಾರದು.

ಡೆಡ್‌ಸ್ಟಿಕ್: ಪ್ರಾಪ್ 11x6 (11 ಇಂಚು ವ್ಯಾಸ, ಒಂದು ಸುತ್ತಿಗೆ 6 ಇಂಚು ಮುನ್ನಡೆ). ನೈಟ್ರೋ 10%. ಮೂಗೆತ್ತಿ ನೋಡಿದ್ದೇನೆ, ಏನೂ ತೊಂದರೆ ಇಲ್ಲ. ಟ್ಯಾಂಕ್ ಮಾಮೂಲಿ ಜಾಗದಲ್ಲೇ ಇದೆ.

ಹರಳೆಣ್ಣೆ: ನೈಟ್ರೋ ಬಿಡಿ, ಫ್ಯೂಯಲ್‌ಗೆ ಬೆರೆಸಿದ ಎಣ್ಣೆ ಯಾವುದು? ಬರೀ ಸಿಂಥೆಟಿಕ್ ಆದರೆ ಹೀಗೆ ಲೀನ್ ಓಡಿದಾಗ ಎಂಜಿನ್ ಕಥೆ ಮುಗೀತು. ಸ್ವಲ್ಪನಾದರೂ ಕ್ಯಾಸ್ಟರ್ (ಹರಳೆಣ್ಣೆ) ಇರಲೇಬೇಕು.

ರೆಕ್ಕೆಪುಕ್ಕ: ಕ್ಯಾಸ್ಟರ್ ಹಾಕಿ ಹಾಕಿ ಎಂಜಿನ್ ಕಂದು ಬಣ್ಣಕ್ಕೆ ತಿರುಗಿಸಿಕೊಂಡವರನ್ನು ನೋಡಿದ್ದೇನೆ. ಪಿಸ್ಟನ್ ಉಂಗುರ ಅಂಟಿಕೊಂಡು ಕಂಪ್ರೆಷನ್ನೇ ಇರುವುದಿಲ್ಲ.

ಹರಳೆಣ್ಣೆ: ಅವರದು ಎಬಿಸಿ (ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪದ ಹಿತ್ತಾಳೆ ಸಿಲಿಂಡರ್) ಇರಬಹುದು, ಅದಕ್ಕೆ ಉಂಗುರವೇ ಇಲ್ಲ ಮಾರಾಯ್ರೇ.

ಬಾನಾಡಿ: ಸುಮ್ನೆ ಫೋರ್ ಸ್ಟ್ರೋಕ್‌ಗೆ ಬನ್ನಿ. ನನ್ನದು 91, ಮೇಲೆ 13x8. ಐಡಲ್‌ನಲ್ಲಿ ಬ್ಲೇಡ್ ಎಣಿಸಬಹುದು. ಫೋಟೋ ಹಾಕಲಾ?

ಕ್ಲಂಕ್: ಫೋಟೋ ಬೇರೆ ಕಡೆ ಹಾಕಿ ಸರ್. ಡೆಡ್‌ಸ್ಟಿಕ್ ಅವರೇ, ಮೂಗೆತ್ತಿ ನೋಡಿದ್ದು ಟ್ಯಾಂಕ್ ತುಂಬಿದ್ದಾಗಲೋ, ಅರ್ಧ ಇದ್ದಾಗಲೋ?

ಡೆಡ್‌ಸ್ಟಿಕ್: ತುಂಬಿಸಿದ ತಕ್ಷಣ. ಯಾಕೆ?

ಕ್ಲಂಕ್: ಟ್ಯಾಂಕ್ ಒಳಗಿನ ಸಿಲಿಕೋನ್ ಪೈಪಿನಲ್ಲಿ ತೂತಿದ್ದರೆ, ಫ್ಯೂಯಲ್ ತುಂಬಿದ್ದಾಗ ತೂತು ಮುಳುಗಿರುತ್ತದೆ, ಗೊತ್ತೇ ಆಗುವುದಿಲ್ಲ. ಮಟ್ಟ ಇಳಿದ ಮೇಲೆ ಅಲ್ಲಿಂದ ಗಾಳಿ ಎಳೆಯುತ್ತದೆ. ನಿಮ್ಮ ಲಕ್ಷಣ ಹಾಗೇ ಇದೆ. ಟ್ಯಾಂಕ್ ಅರ್ಧ ಮಾಡಿ ಫುಲ್ ಥ್ರಾಟಲ್ ಕೊಟ್ಟು, ಪ್ರಾಪ್ ಹಿಂದೆ ನಿಂತು, ಕಾರ್ಬುರೇಟರ್‌ಗೆ ಹೋಗುವ ಪೈಪ್ ನೋಡಿ. ಗುಳ್ಳೆ ಬಂದರೆ ಕ್ಲಂಕ್ (ಟ್ಯಾಂಕ್ ಒಳಗಿನ ಪೈಪಿನ ತುದಿಯ ಭಾರದ ತುಂಡು) ಪೈಪಿನ ಸಮೇತ ಹೊರಗೆ ತೆಗೆಯಿರಿ. ಟ್ಯಾಂಕನ್ನು ಹಾಗೇ ನೀರಲ್ಲಿ ಮುಳುಗಿಸಿ ಊದಿದರೆ ಈ ತೂತು ಸಿಗುವುದಿಲ್ಲ, ಅದು ಒಳಗಿದೆಯಲ್ಲ. ಕ್ಲಂಕ್ ಬಾಯಿ ಮುಚ್ಚಿ, ಪೈಪನ್ನೇ ನೀರಲ್ಲಿಟ್ಟು ಊದಬೇಕು. ಟ್ಯಾಂಕ್ ಸುತ್ತ ಫೋಮ್ ಇದೆಯಾ ಅದನ್ನೂ ನೋಡಿ, ನಡುಕಕ್ಕೆ ಫ್ಯೂಯಲ್ ನೊರೆ ಆದರೂ ಹೀಗೇ ಆಗುತ್ತದೆ.

ಪ್ಲಗ್‌ಪ್ರಿಯ: ಇಷ್ಟೆಲ್ಲಾ ಬಿಚ್ಚುವ ಮೊದಲು ಒಂದು ಪ್ಲಗ್ ಹಾಕಿ ನೋಡಬಹುದಿತ್ತು.

ಡೆಡ್‌ಸ್ಟಿಕ್: ಗುಳ್ಳೆ ಸಾಲು ಸಾಲಾಗಿ ಬರುತ್ತಿತ್ತು! ಪೈಪು ಹಿತ್ತಾಳೆ ನಳಿಗೆಗೆ ಸಿಕ್ಕಿಸಿದ ಕಡೆ ನಳಿಗೆಯ ಚೂಪು ಅಂಚು ಕೊರೆದು ಸಣ್ಣ ಸೀಳು ಬಿದ್ದಿದೆ. ಬಗ್ಗಿಸಿದರೆ ಮಾತ್ರ ಕಾಣುತ್ತದೆ. ಅಂಚು ಉಜ್ಜಿ ನುಣುಪು ಮಾಡಿ ಹೊಸ ಪೈಪ್ ಹಾಕಿದೆ. ಟ್ಯಾಂಕ್ ಮುಗಿಯುವ ತನಕ ಓಡಿತು. ಆದರೆ ಈಗ ಬೇರೆ ತಲೆನೋವು. ಐಡಲ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಥ್ರಾಟಲ್ ಕೊಟ್ಟರೆ ಹೊಗೆ ಉಗುಳಿ ಗೊಗ್ಗೊಗ್ಗೊ ಅಂತ ತಡವರಿಸುತ್ತದೆ.

ರೆಕ್ಕೆಪುಕ್ಕ: ಲೋ ಎಂಡ್ ರಿಚ್, ಅಂದರೆ ಕಡಿಮೆ ಥ್ರಾಟಲ್‌ನಲ್ಲಿ ಫ್ಯೂಯಲ್ ಜಾಸ್ತಿ. ಸೋರಿಕೆ ಇದ್ದಾಗ ಸೆಟ್ ಮಾಡಿದ್ದು, ಎರಡು ನೀಡಲ್ಲೂ ಹೊಸದಾಗಿ ಇಡಬೇಕು. ಮೊದಲು ಮೇನ್, ಅಂದರೆ ಫುಲ್ ಥ್ರಾಟಲ್‌ನ ನೀಡಲ್. ಆಮೇಲೆ ಐಡಲ್‌ನಲ್ಲಿ ಪೈಪನ್ನು ಕಾರ್ಬುರೇಟರ್ ಹತ್ತಿರ ಚಿವುಟಿ ಹಿಡಿಯಿರಿ. ಆರ್‌ಪಿಎಂ ಏರಿ ತುಂಬಾ ಹೊತ್ತಾದ ಮೇಲೆ ನಿಂತರೆ ರಿಚ್, ಲೋ ನೀಡಲ್ ಮುಚ್ಚಿ. ತಕ್ಷಣ ಸತ್ತರೆ ಲೀನ್.

ಡೆಡ್‌ಸ್ಟಿಕ್: ಅರ್ಧ ಸುತ್ತು ಮುಚ್ಚಲಾ?

ಕ್ಲಂಕ್: ಬೇಡ ಬೇಡ. ಒಂದು ಸಲಕ್ಕೆ 1/8 ಸುತ್ತು, ಜಾಸ್ತಿ ಅಲ್ಲ.

ಹರಳೆಣ್ಣೆ: ಎಣ್ಣೆ ಯಾವುದು ಅಂತ ಇನ್ನೂ ಹೇಳಲಿಲ್ಲ.