ಬಾಗಿಲಿಗೆ ಬಣ್ಣ, ಗೆಳೆಯರ ಬಾಯಿಗೆ ಕೆಲಸ

ಒಳಬಾಗಿಲುಗಳಿಗೆ ಬಣ್ಣ ಬಳಿಯಬೇಕು ಅಂತ ನಾನು ಬಾಯಿ ಬಿಟ್ಟದ್ದೇ ತಡ, ಮೂವರೂ ಕುರ್ಚಿ ಎಳೆದುಕೊಂಡು ಕೂತರು.

“ಕಣ್ಣು ಮುಚ್ಚಿಕೊಂಡು ಆಯಿಲ್ ಪೇಂಟ್ ಹೊಡಿಯಯ್ಯ,” ಅಂದರು ರಾಯರು. “ಬಿಳಿ ಬಣ್ಣ. ಮುಖ ಕಾಣಬೇಕು, ಹಾಗೆ ಹೊಳೀಬೇಕು.”

“ಮುಖ ಮಾತ್ರ ಅಲ್ಲ, ಬಡಗಿ ಮಾಡಿದ ಪಾಪಾನೂ ಕಾಣುತ್ತೆ,” ಅಂದ ಕಿಟ್ಟಿ. “ಹೊಳೆಯೋ ಗ್ಲಾಸಿ ಬಣ್ಣ ಹೊಡೆದರೆ ಒಂದೊಂದು ಗುಳಿ, ಒಂದೊಂದು ಗೀರು ಎದ್ದು ಕೂರುತ್ತೆ. ಹೊಳಪೇ ಇಲ್ಲದ ಮ್ಯಾಟ್ ಆದರೆ ಬೆರಳಚ್ಚು ಒರೆಸೋದರಲ್ಲೇ ಆಯುಷ್ಯ ಮುಗಿಯುತ್ತೆ. ಎರಡರ ನಡುವಿನ ಸ್ಯಾಟಿನ್ ತಗೋ. ಅಂದಹಾಗೆ ರಾಯರೇ, ನಿಮ್ಮ ಮನೆ ಬಿಳಿ ಬಾಗಿಲು ಈಗ ಯಾವ ಬಣ್ಣ?”

ರಾಯರು ಕೆಮ್ಮಿದರು. “ಸ್ವಲ್ಪ ಹಳದಿಗೆ ತಿರುಗಿದೆ. ಒಂದು ಕಡೆಯಾದರೂ ಬೆಳ್ಳಗಿರಲಿ ಅಂತ ಕ್ಯಾಲೆಂಡರ್ ತೂಗುಹಾಕಿದ್ದೆ. ತೆಗೆದು ನೋಡಿದರೆ, ಅದರ ಹಿಂದೇನೇ ಹೆಚ್ಚು ಹಳದಿ ಕಣಯ್ಯ!”

“ಆಯಿಲ್ ಪೇಂಟಿನ ಜಾಯಮಾನವೇ ಅದು,” ಅಂದರು ಮೇಷ್ಟ್ರು. “ಕತ್ತಲಲ್ಲಿಟ್ಟಷ್ಟೂ ಹಳದಿಯಾಗುತ್ತೆ. ನೀರಿನಲ್ಲಿ ಕಲಸೋ ಎನಾಮೆಲ್ ಬಣ್ಣ ಹಾಗಲ್ಲ. ವಾಸನೆ ಕಮ್ಮಿ, ಬ್ರಷ್ಷನ್ನ ನಲ್ಲಿ ಕೆಳಗೆ ಹಿಡಿದರೆ ಸಾಕು.”

ನಾನು ತಪ್ಪೊಪ್ಪಿಕೊಳ್ಳಲೇಬೇಕಾಯಿತು. ಹೋದ ತಿಂಗಳು ಬಚ್ಚಲ ಬಾಗಿಲಿಗೆ ಅದನ್ನೇ ಹೊಡೆದಿದ್ದೆ. ಎರಡು ಗಂಟೆ ಬಿಟ್ಟು ಮುಟ್ಟಿದೆ, ಅಂಟಲಿಲ್ಲ. ರಾತ್ರಿ ಬಾಗಿಲು ಹಾಕಿ ಮಲಗಿದೆ. ಬೆಳಿಗ್ಗೆ ಎಳೆದರೆ ಚರ್ರ್ ಅಂತ ಸದ್ದು; ಅಂಗೈಯಗಲದ ಬಣ್ಣ ಹಾವು ಪೊರೆ ಬಿಟ್ಟ ಹಾಗೆ ಎದ್ದು ಬಂದು ಚೌಕಟ್ಟಿಗೆ ನೇತಾಡುತ್ತಿತ್ತು.

“ಅಂಟದಿದ್ದರೆ ಒಣಗಿದೆ ಅಂತ ಅರ್ಥ, ಗಟ್ಟಿಯಾಗಿದೆ ಅಂತಲ್ಲ,” ಅಂದರು ಮೇಷ್ಟ್ರು. “ಪೂರ್ತಿ ಗಟ್ಟಿಯಾಗೋಕೆ ಮೂರು ನಾಲ್ಕು ವಾರ ಬೇಕಾಗಬಹುದು. ಮೊದಲ ಕೆಲವು ದಿನ ಬಾಗಿಲು ತೆರೆದೇ ಇಡಬೇಕು.”

“ಬಚ್ಚಲ ಬಾಗಿಲನ್ನ?”

“ಹಾಡು ಹೇಳ್ಕೊಂಡು ಸ್ನಾನ ಮಾಡು,” ಅಂದ ಕಿಟ್ಟಿ.

ಮೇಷ್ಟ್ರು ಬಿಡಲಿಲ್ಲ. “ಅಷ್ಟಗಲ ಸಿಪ್ಪೆ ಎದ್ದಿದೆ ಅಂದರೆ... ಕೆಳಗೆ ಏನಿತ್ತು?”

“ಹಳೇ ಆಯಿಲ್ ಪೇಂಟು.”

“ಉಪ್ಪುಕಾಗದ ಹಾಕಿ ಉಜ್ಜಿದ್ಯಾ? ಬಣ್ಣಕ್ಕೆ ಮೊದಲು ಬಳಿಯೋ ಪ್ರೈಮರ್?”

ನಾನು ಸೂರು ನೋಡಿದೆ.

“ಆ ನುಣುಪಿನ ಮೇಲೆ ಏನು ನಿಲ್ಲುತ್ತಯ್ಯ! 220 ನಂಬರಿನ ಕಾಗದದಲ್ಲಿ ಹೊಳಪು ಸಾಯೋ ತನಕ ಉಜ್ಜು, ಧೂಳು ಒರೆಸು, ಹಿಡಿದುಕೊಳ್ಳೋ ಪ್ರೈಮರ್ ಹಾಕು, ಆಮೇಲೆ ತೆಳ್ಳಗೆ ಎರಡು ಕೋಟು. ಹಳೇದು ಯಾವ ಬಣ್ಣ ಅಂತ ಗೊತ್ತಿಲ್ಲದಿದ್ದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತಿಕ್ಕು. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ನೀರಿನದು, ಜಗ್ಗದಿದ್ದರೆ ಆಯಿಲ್. ಮನೆ ತೀರಾ ಹಳೇದಾದರೆ ಮಾತ್ರ ಒಣದಾಗಿ ಉಜ್ಜಬೇಡ, ಹಳೇ ಬಣ್ಣದಲ್ಲಿ ವಿಷದ ಸೀಸ ಇದ್ದೀತು. ಮೊದಲು ಪರೀಕ್ಷೆ ಮಾಡಿಸು.”

ಇಷ್ಟರಲ್ಲಿ ರಾಯರು ಕೈ ತೊಳೆಯೋಕೆ ಅಂತ ಎದ್ದು ಹೋದರು. ಕಿಟ್ಟಿ ತಿಳಿಹಸಿರು ಅಂದ, ಮೇಷ್ಟ್ರು ಬೂದು ಅಂದರು. ಇಬ್ಬರೂ ಜಗಳಕ್ಕೆ ಬಿದ್ದ ಮೇಲೆಯೇ ನನಗೆ ನೆನಪಾದದ್ದು: ಪೊರೆ ಬಿಟ್ಟ ಜಾಗಕ್ಕೆ ಬೆಳಿಗ್ಗೆ ತಾನೇ ದಪ್ಪಗೆ ತೇಪೆ ಬಳಿದಿದ್ದೆ.

ಒಳಗಿನಿಂದ ಚಿಲಕ ಅಲ್ಲಾಡಿಸುವ ಸದ್ದು.

“ಎಳೀಬೇಡಿ ರಾಯರೇ!” ಅಂತ ಓಡಿದೆ.

ಬಾಗಿಲ ಆಚೆಯಿಂದ ರಾಯರ ದನಿ ಬಂತು: “ಆಯಿಲ್ ಪೇಂಟ್ ಹೊಡಿ ಅಂದೆ, ಕೇಳಿದೆಯಾ?”