ಇಲ್ಲದ ಮೀನಿಗೆ ಒಂದು ತಿಂಗಳು ಊಟ

ಅಕ್ಕ, ನಿನ್ನೆ ರಾತ್ರಿ ಗ್ರೂಪಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ಭಾನುವಾರ ಪುಟ್ಟಿಯ ಹುಟ್ಟುಹಬ್ಬ, ಅವಳಿಗೆ ಮೀನು ಬೇಕಂತೆ. ಅಂಗಡಿಯವನು ದುಂಡನೆಯ ಗಾಜಿನ ಬೌಲು, ಎರಡು ಗೋಲ್ಡ್ ಫಿಶ್, ಒಂದು ಡಬ್ಬಿ ಮೀನಿನ ಊಟ ಎಲ್ಲ ಸೇರಿಸಿ ಕೊಡುತ್ತೇನೆ ಅಂದನಂತೆ. ತರಲಾ ಬೇಡವಾ ಅಂತ ಕೇಳಿದ್ದೀಯ. ಅದರ ಕೆಳಗೇ ಭಾವ "ನೀರು ಹಾಕು, ಮೀನು ಬಿಡು, ಇದಕ್ಕೇನು ಮೀಟಿಂಗು" ಅಂತ ಬರೆದಿದ್ದಾರೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ಇದಕ್ಕೆ ಮೀಟಿಂಗ್ ಬೇಕು. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತು ಕೇಳಿ.

ಬೌಲು ಬೇಡ ಅಕ್ಕ. ನೋಡೋಕೆ ಚೆಂದ, ಅಷ್ಟೇ. ಅದರಲ್ಲಿ ಹಿಡಿಯುವುದು ನಾಲ್ಕೈದು ಲೀಟರ್ ನೀರು. ಗೋಲ್ಡ್ ಫಿಶ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಸರಿಯಾಗಿ ಸಾಕಿದರೆ ಅರ್ಧ ಅಡಿ ದಾಟುತ್ತದೆ. ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಬೌಲಿನಲ್ಲಿ ಸತ್ತಾಗ "ಗೋಲ್ಡ್ ಫಿಶ್ ಆಯಸ್ಸೇ ಇಷ್ಟು" ಅಂತಾರೆ. ಹಾಗೇನಿಲ್ಲ, ಒಳ್ಳೆಯ ಜಾಗ ಸಿಕ್ಕರೆ ಹತ್ತು ವರ್ಷವೂ ಬದುಕುತ್ತದೆ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ತಗೋ. ಕಲ್ಲು ಹಾಕಿ, ಮೇಲೆ ಎರಡು ಇಂಚು ಬಿಟ್ಟು ತುಂಬಿಸಿದರೆ ಸುಮಾರು 45 ಲೀಟರ್ ಆಗುತ್ತದೆ. ಹೊಸಬರಿಗೆ ಚಿಕ್ಕ ಟ್ಯಾಂಕ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅದು ಉಲ್ಟಾ. ನೀರು ಕಮ್ಮಿ ಇದ್ದಷ್ಟೂ ಬೇಗ ಕೆಡುತ್ತದೆ.

ಆದರೆ ಭಾನುವಾರ ಟ್ಯಾಂಕ್ ಮಾತ್ರ. ಮೀನು ಬೇಡ. ಮೀನು ಮುಂದಿನ ತಿಂಗಳು. ಪುಟ್ಟಿ ಅಳ್ತಾಳೆ, ಗೊತ್ತು. ಅದಕ್ಕೆ ಒಂದು ಉಪಾಯ ಇದೆ, ಹೇಳುತ್ತೇನೆ ಇರು.

ಐದು ವರ್ಷದ ಹಿಂದೆ ನಾನೂ ಭಾವ ಹೇಳಿದ ಹಾಗೇ ಮಾಡಿದ್ದೆ. ಬೆಳಿಗ್ಗೆ ಟ್ಯಾಂಕ್, ಸಂಜೆ ಹತ್ತು ಮೀನು. ಎಂಟು ನಿಯಾನ್ ಟೆಟ್ರಾ, ಎರಡು ಕರಿ ಮೋಲಿ. ಮೂರನೇ ದಿನ ನೀರು ಗಂಜಿ ತಿಳಿಯ ಹಾಗೆ ಬೆಳ್ಳಗಾಯಿತು. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೊಳಕಾಗಿದೆ ಅಂದುಕೊಂಡು ಪೂರ್ತಿ ನೀರು ಚೆಲ್ಲಿದೆ. ಕಲ್ಲು, ನೀರು ಸೋಸುವ ಸ್ಪಂಜು, ಗಾಜು ಎಲ್ಲ ನಲ್ಲಿ ಕೆಳಗೆ ತಿಕ್ಕಿ ತಿಕ್ಕಿ ತೊಳೆದೆ. ಎರಡು ದಿನ ಬಿಟ್ಟು ಮತ್ತೆ ಹಾಗೇ ಮಾಡಿದೆ. ವಾರದೊಳಗೆ ಒಂಬತ್ತು ಮೀನು ಗುಲಾಬಿ ಕುಂಡದ ಪಾಲಾದವು. ಅಮ್ಮ "ದಿನಾ ಬೆಳಿಗ್ಗೆ ಎದ್ದು ಇದನ್ನ ನೋಡೋಕಾಗಲ್ಲ, ಆಚೆ ಹಾಕು" ಅಂದಿದ್ದು ನಿನಗೂ ನೆನಪಿರಬೇಕು. ಉಳಿದದ್ದು ಒಂದೇ ಮೋಲಿ.

ಆಗಿದ್ದೇನು ಅಂದರೆ, ಮೀನಿನ ಗಲೀಜಿನಿಂದ, ಉಳಿದ ಊಟದಿಂದ, ಕಿವಿರಿನಿಂದ ಕೂಡ ಅಮೋನಿಯಾ ಬರುತ್ತದೆ. ಅದು ವಿಷ, ಕಣ್ಣಿಗೆ ಕಾಣುವುದಿಲ್ಲ. ನೀರು ಪಳಪಳ ಅನ್ನುತ್ತಿದ್ದರೂ ಇರಬಹುದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದರಿಂದ ಅಷ್ಟು ತೊಂದರೆ ಇಲ್ಲ, ಗಿಡ ಸ್ವಲ್ಪ ಎಳೆದುಕೊಳ್ಳುತ್ತದೆ, ಉಳಿದದ್ದು ವಾರ ವಾರ ನೀರು ಬದಲಿಸುವಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಲ್ಲ. ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಅಂಟಿಕೊಂಡಿರುತ್ತದೆ. ನಾನು ತಿಕ್ಕಿ ತೊಳೆದದ್ದು ಅದನ್ನೇ!

ಹೊಸ ಟ್ಯಾಂಕಿನಲ್ಲಿ ಇದು ತಾನಾಗಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಆದರೆ ಹಾಲಿಗೆ ಹೆಪ್ಪು ಹಾಕುವ ಹಾಗೆ ಇದಕ್ಕೂ ಹಾಕಬಹುದು. ನನ್ನ ಟ್ಯಾಂಕಿನ ಹಳೇ ಸ್ಪಂಜನ್ನು ಅದೇ ನೀರಿನ ಡಬ್ಬಿಯಲ್ಲಿಟ್ಟು ಭಾನುವಾರ ತರುತ್ತೇನೆ. ಕೋಲಾರದಿಂದ ಬಂಗಾರಪೇಟೆಗೆ ಎಷ್ಟೊತ್ತು, ಒಣಗುವುದಿಲ್ಲ. ನೋಡೋಕೆ ಕಂದು ಬಣ್ಣ, ಕೈಗೆ ಲೋಳೆ ಲೋಳೆ. ದಯವಿಟ್ಟು ಯಾರೂ ತೊಳೆಯಬೇಡಿ. ಅತ್ತೆಗೆ ಮೊದಲೇ ಹೇಳಿಟ್ಟಿರು.

ಈಗ ಪುಟ್ಟಿಯ ಕೆಲಸ. ಆ ಬ್ಯಾಕ್ಟೀರಿಯಾಗೂ ಹೊಟ್ಟೆಗೆ ಬೇಕಲ್ವಾ. ದಿನಾ ಒಂದು ಸಲ, ಎರಡು ಬೆರಳಲ್ಲಿ ಬರುವಷ್ಟು ಮೀನಿನ ಊಟವನ್ನು ಖಾಲಿ ಟ್ಯಾಂಕಿಗೆ ಅವಳೇ ಹಾಕಬೇಕು. ಅದು ಕೊಳೆತು ಅಮೋನಿಯಾ ಆಗುತ್ತದೆ. "ಮೀನೇ ಇಲ್ವಲ್ಲ ಮಾವ" ಅಂತಾಳೆ. ಮೀನು ಬರೋ ಮುಂಚೆ ಮನೆ ರೆಡಿ ಮಾಡ್ತಿದ್ದೀವಿ ಅಂತ ಹೇಳು. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ, ಅಮೋನಿಯಾಗೆ, ನೈಟ್ರೈಟ್‌ಗೆ, ನೈಟ್ರೇಟ್‌ಗೆ. ಎರಡು ದಿನಕ್ಕೊಮ್ಮೆ ನೋಡಿ ಕ್ಯಾಲೆಂಡರ್ ಮೇಲೆ ಬರೆಯಲಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ದಿನಾ ಊಟ ಹಾಕುತ್ತಿದ್ದರೂ ಇವೆರಡೂ ಸೊನ್ನೆಯಲ್ಲೇ ನಿಂತು, ನೈಟ್ರೇಟ್ ಕಾಣಿಸಿಕೊಂಡರೆ, ಅವತ್ತು ಮೀನು ತರೋ ದಿನ. ಹೆಪ್ಪು ಬಿದ್ದರೆ ತಿಂಗಳಿಗೆ ಮುಂಚೆಯೇ ಆಗಬಹುದು. ಆದರೆ ಕಿಟ್ ಹೇಳಬೇಕು, ಅಂಗಡಿಯವನಲ್ಲ.

ನೀರಿನ ವಿಷಯ ಇದಕ್ಕಿಂತ ಮುಖ್ಯ. ನಿಮ್ಮ ಮನೆಯದೂ ನಮ್ಮದರ ಹಾಗೆ ಬೋರ್ ನೀರು. ಬೇಳೆ ಬೇಯಲ್ಲ, ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತದೆ, ಸ್ಟೀಲ್ ಬಕೆಟ್ ಮೇಲೆ ಚುಕ್ಕೆ ಬೀಳುತ್ತದೆ. ನಾವು ಉಪ್ಪು ನೀರು ಅಂತೀವಲ್ಲ, ಅದೇ, ಅಂದರೆ ಖನಿಜ ಜಾಸ್ತಿ ಇರುವ ಗಡಸು ನೀರು. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೆದು ನೀರಿನ ಮೀನು, ಅದಕ್ಕೆ ಇದು ಒಗ್ಗುವುದು ಕಷ್ಟ. ನನ್ನ ಎಂಟೂ ಹೋಗಿ ಮೋಲಿ ಉಳಿದದ್ದರಲ್ಲಿ ಇದರ ಪಾಲೂ ಇತ್ತು ಅಂತ ನನ್ನ ಲೆಕ್ಕ. ಹಾಗಂತ ಮೀನಿಗೋಸ್ಕರ ಆರ್‌ಓ ನೀರು ಸುರಿಯಬೇಡ. ಅದರಲ್ಲಿ ಖನಿಜ ತುಂಬಾ ಕಮ್ಮಿ, ದುಡ್ಡೂ ದಂಡ. ನೀರಿಗೆ ತಕ್ಕ ಮೀನು ತಂದರೆ ಸಾಕು. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಈ ನಾಲ್ಕಕ್ಕೂ ಗಡಸು ನೀರೇ ಇಷ್ಟ.

ಅಜ್ಜಿ ಮನೆ ಬಾವಿ ನೆನಪಿದೆಯಾ? ಕೊಡ ಎಳೆದರೆ ಒಳಗೆ ಅಕ್ಕಿಕಾಳಿನ ಹಾಗೆ ಮರಿ ಮೀನು ಓಡಾಡುತ್ತಿದ್ದವು, ಅಜ್ಜಿ ಬಟ್ಟೆಯಲ್ಲಿ ಸೋಸಿ ಮತ್ತೆ ಬಾವಿಗೇ ಬಿಡುತ್ತಿದ್ದರು. ಅವೇ ಗಪ್ಪಿ. ವೆನೆಜುವೆಲಾ, ಟ್ರಿನಿಡಾಡ್ ಕಡೆಯ ಮೀನು. ಸೊಳ್ಳೆ ಮರಿ ತಿನ್ನುತ್ತದೆ ಅಂತ ಮಲೇರಿಯಾ ತಡೆಯೋಕೆ ನಮ್ಮ ಜಿಲ್ಲೆಯ ಬಾವಿಗಳಿಗೆ ಬಿಟ್ಟಿದ್ದರು. ನಮ್ಮ ನೀರಿನಲ್ಲಿ ಆಗಲೇ ಪಾಸಾದ ಮೀನು ಅದು.

ಒಂದು ಎಚ್ಚರಿಕೆ. ಗಡಸು ನೀರಿನ ಪಿಎಚ್ (ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಪಿಎಚ್ ಜಾಸ್ತಿ ಇದ್ದಲ್ಲಿ ಅಮೋನಿಯಾದ ವಿಷವೂ ಜಾಸ್ತಿ. ಅದಕ್ಕೇ ಕಾಯಿ ಕಾಯಿ ಅಂತ ಇಷ್ಟು ಬಡಕೊಳ್ಳುತ್ತಿರುವುದು. ಬೋರ್ ನೀರನ್ನು ಹಿಂದಿನ ರಾತ್ರಿಯೇ ಬಕೆಟಿಗೆ ಹಿಡಿದಿಡು. ಊರಿನ ನಲ್ಲಿ ನೀರಾದರೆ ಅಂಗಡಿಯಲ್ಲಿ ಸಿಗುವ ಆಂಟಿಕ್ಲೋರಿನ್ ಹನಿ ಹಾಕು. ನೀರಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಟ್ಯಾಂಕ್ ತಂಟೆಗೇ ಹೋಗಬೇಡ.

ಟ್ಯಾಂಕ್ ಎಲ್ಲಿಡುವುದು? ಕಿಟಕಿ ಪಕ್ಕ ಬೇಡ, ಬಿಸಿಲು ಬಿದ್ದರೆ ಪಾಚಿ. ಟಿವಿ ಸ್ಟ್ಯಾಂಡ್ ಮೇಲೂ ಬೇಡ ಭಾವ. ನೀರು, ಕಲ್ಲು, ಗಾಜು ಸೇರಿ 60 ಕೆಜಿ ದಾಟುತ್ತದೆ, ಅಂದರೆ 25 ಕೆಜಿಯ ಎರಡು ಅಕ್ಕಿ ಮೂಟೆ, ಅದರ ಮೇಲೆ 10 ಕೆಜಿಯ ಒಂದು ರಾಗಿ ಚೀಲ. ಹಾಲ್‌ನಲ್ಲಿ ಕಡಪಾ ಕಲ್ಲಿನ ಶೆಲ್ಫ್ ಇದೆಯಲ್ಲ, ಅದೇ ಸರಿ. ಕೆಳಗೆ ಥರ್ಮೋಕೋಲ್ ಶೀಟ್ ಹಾಸಿ.

ಸ್ಪಂಜ್ ಫಿಲ್ಟರ್, ಏರ್ ಪಂಪ್ ಸಾಕು, ದೊಡ್ಡ ಫಿಲ್ಟರ್ ಬೇಡ. ಪಂಪಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಅಂತ ಒಂದು ಬೆರಳುದ್ದದ ಪ್ಲಾಸ್ಟಿಕ್ ಸಾಮಾನು ಬರುತ್ತದೆ, ಮರೆಯದೆ ಕೇಳಿ ತಗೋ. ನನ್ನ ಹತ್ತಿರ ಅದು ಇರಲಿಲ್ಲ. ಒಂದು ರಾತ್ರಿ ಕರೆಂಟ್ ಹೋಯಿತು, ಟ್ಯಾಂಕಿನ ನೀರು ಪೈಪಿನಲ್ಲಿ ವಾಪಸ್ಸು ಇಳಿದು ಪಂಪಿಗೆ, ಪಂಪಿನಿಂದ ಎಕ್ಸ್‌ಟೆನ್ಷನ್ ಬಾಕ್ಸಿಗೆ. ಬೆಳಿಗ್ಗೆ ನೋಡಿದರೆ ಹಾಲ್ ತುಂಬ ನೀರು. ಶಾಕ್ ಹೊಡೆಯದೇ ಇದ್ದದ್ದು ಪುಣ್ಯ. ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ, ಪಂಪನ್ನು ಟ್ಯಾಂಕಿಗಿಂತ ಎತ್ತರದಲ್ಲೇ ಇಡಿ.

ಹೀಟರ್ 50 ವ್ಯಾಟಿನದು ಸಾಕು. ಬೇಸಿಗೆಯಲ್ಲಿ ಅದರ ಕೆಲಸವೇ ಇಲ್ಲ. ಡಿಸೆಂಬರ್, ಜನವರಿ ರಾತ್ರಿ ಮಾತ್ರ ಬೇಕೇ ಬೇಕು. 25 ಡಿಗ್ರಿಗೆ ಇಟ್ಟುಬಿಡು. ನೀರು ತೆಗೆಯುವಾಗ ಮೊದಲು ಹೀಟರ್ ಆಫ್ ಮಾಡಬೇಕು, ಇಲ್ಲದಿದ್ದರೆ ನೀರಿನಿಂದ ಹೊರಗೆ ಬಂದ ಹೀಟರಿನ ಗಾಜು ಸೀಳಬಹುದು.

ಗಿಡಕ್ಕೆ ಜಾವಾ ಫರ್ನ್, ಅನುಬಿಯಾಸ್. ಎರಡೂ ಸೋಮಾರಿಗಳಿಗೆ ಹೇಳಿ ಮಾಡಿಸಿದ ಗಿಡ. ಕಲ್ಲಿಗೆ ದಾರದಿಂದ ಕಟ್ಟಿದರೆ ಆಯಿತು, ಗೆಡ್ಡೆ ಹೂತರೆ ಕೊಳೆಯುತ್ತದೆ.

ಮೀನು ತರೋ ದಿನ ಮೊದಲು ಐದು ಗಪ್ಪಿ, ಐದೂ ಗಂಡು. ಬಣ್ಣದ ಬಾಲ ಗಂಡಿಗೇ ಇರುವುದು. ಒಂದು ಹೆಣ್ಣು ಬಂದರೂ ತಿಂಗಳಿಗೊಂದು ಬಾಣಂತನ, ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮರಿ. ಎರಡು ವಾರ ಎಲ್ಲ ಸರಿ ಇದ್ದರೆ ಆರು ಜೀಬ್ರಾ ಡೇನಿಯೋ. ಅದು ನಮ್ಮ ದೇಶದ್ದೇ ಮೀನು, ಗುಂಪಲ್ಲಿದ್ದರೆ ಖುಷಿ. ಅಲ್ಲಿಗೆ ನಿಲ್ಲಿಸು. ಅಂಗಡಿಯವನು ಏಂಜಲ್ ತೋರಿಸುತ್ತಾನೆ, ಅದು ದೊಡ್ಡದಾಗಿ ಗಪ್ಪಿಯನ್ನೇ ನುಂಗುತ್ತದೆ. ಫೈಟರ್ ಮೀನು ಗಪ್ಪಿಯ ಬಾಲವನ್ನು ಹರಿದುಹಾಕುತ್ತದೆ. "ಪಾಚಿ ಕ್ಲೀನ್ ಮಾಡತ್ತೆ ಮೇಡಂ" ಅಂತ ಸಕ್ಕರ್ ಕೊಡೋಕೆ ನೋಡುತ್ತಾನೆ, ಅದು ಒಂದೂವರೆ ಅಡಿ ಬೆಳೆಯುತ್ತದೆ. ಆಮೇಲೆ ಜನ ತಗೊಂಡು ಹೋಗಿ ಕೆರೆಗೆ ಬಿಡುತ್ತಾರೆ, ಅಲ್ಲಿ ನಮ್ಮ ಊರ ಮೀನಿಗೆ ಕುತ್ತು. ಯಾವ ಮೀನನ್ನೂ ಕೆರೆಗೆ ಬಿಡಬೇಡಿ, ಬೇಡವಾದರೆ ನನಗೆ ಕೊಡಿ.

ಕವರ್ ತಂದ ತಕ್ಷಣ ಸುರಿಯಬೇಡ. ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡು. ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕಿನ ನೀರು ಕವರಿಗೆ. ಕೊನೆಗೆ ಮೀನು ಮಾತ್ರ ಬಲೆಯಲ್ಲಿ ಎತ್ತಿ ಬಿಡು, ಅಂಗಡಿ ನೀರು ಸಿಂಕಿಗೆ.

ಊಟ ದಿನಕ್ಕೆ ಒಂದೇ ಸಲ ಇರಲಿ, ಎರಡು ನಿಮಿಷದಲ್ಲಿ ಖಾಲಿ ಆಗುವಷ್ಟು. ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ಅಂತ ಪುಟ್ಟಿಗೆ ಹೇಳು. ಭಾನುವಾರ ಭಾನುವಾರ ಕಾಲು ಭಾಗ ನೀರು ಬದಲಿಸಬೇಕು. ಸ್ಪಂಜು ಕೊಳೆಯಾದರೆ ಹೊರಗೆ ತೆಗೆದ ಅದೇ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು, ನಲ್ಲಿ ಕೆಳಗೆ ಹಿಡಿಯಬೇಡ.

ಇಷ್ಟೇ ಅಕ್ಕ. ಆ ಕಡಪಾ ಶೆಲ್ಫಿನ ಉದ್ದ ಅಗಲ ಅಳೆದು ಇವತ್ತೇ ಕಳಿಸು, ನಾಳೆ ಟ್ಯಾಂಕ್ ನೋಡಿಕೊಂಡು ಬರುತ್ತೇನೆ. ಭಾವ, ಅದರ ಪಕ್ಕದ ಪ್ಲಗ್ ಪಾಯಿಂಟ್ ಕೆಲಸ ಮಾಡುತ್ತಾ ಒಂದು ಸಲ ನೋಡಿ. ಹೋದ ಸಲ ನನ್ನ ಫೋನ್ ಚಾರ್ಜೇ ಆಗಲಿಲ್ಲ.